ಮಕ್ಕಳ ಕಣ್ಣಳತೆಯ ಪಟ್ಟಣ

ಹಳ್ಳಿಯಿಂದ ಪಟ್ಟಣಕ್ಕೆ ಮಕ್ಕಳನ್ನು ಕರೆತರುವವರಲ್ಲಿ ಹೆಚ್ಚಿನವರು ಅವರಿಗೆ ಪಟ್ಟಣವನ್ನು ತೋರಿಸಲೆಂದು ಬರುವುದಿಲ್ಲ; ತಮ್ಮ ಕೆಲಸಕ್ಕೆಂದು ಬರುತ್ತಾರೆ, ಮಕ್ಕಳನ್ನು ಮನೆಯಲ್ಲಿ ಬಿಟ್ಟುಬರಲಾರದೆ ಜೊತೆಗೆ ತರುತ್ತಾರೆ. ಸಿರುಗುಪ್ಪ, ಕುರುಗೋಡುಗಳ ಕಡೆಯ ಮಗುವೊಂದು ಬಳ್ಳಾರಿಯನ್ನು ಮೊದಲ ಸಲ ಕಾಣುವುದು ಬಹುಮಟ್ಟಿಗೆ ಆಸ್ಪತ್ರೆಯ ಬೆಂಚಿನ ಮೇಲಿನಿಂದ, ಕಚೇರಿಯ ಕಿಟಕಿಯ ಕೆಳಗಿನಿಂದ, ಇಲ್ಲವೆ ಮದುವೆಯ ಜವಳಿ ಕೊಳ್ಳುವ ಅಂಗಡಿಯ ಮೂಲೆಯಿಂದ. “ಕೈ ಬಿಡಬೇಡ”, “ಮುಟ್ಟಬೇಡ”, “ಸುಮ್ಮನಿರು”—ಈ ಮೂರು ಮಾತುಗಳನ್ನು ಕಲಿತು ಅದು ಸಂಜೆಯ ಬಸ್ಸಿನಲ್ಲಿ ತಾಯಿಯ ತೊಡೆಯ ಮೇಲೆ ನಿದ್ರೆಹೋಗುತ್ತದೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಇದೇ ಮಗು ಹತ್ತು ಹನ್ನೆರಡು ವರ್ಷಗಳ ತರುವಾಯ ಓದಿಗೋ ಉದ್ಯೋಗಕ್ಕೋ ಅದೇ ಪಟ್ಟಣಕ್ಕೆ ಬರಬೇಕಾಗುತ್ತದೆ. ಆಗ ಅದು ಅಂಜುತ್ತ, ಗೋಡೆಯ ಮಗ್ಗುಲಿಗೆ ಸರಿದು ನಡೆಯುವುದೋ, ಇಲ್ಲವೆ ತನ್ನ ಊರಿನಲ್ಲಿ ನಡೆದಂತೆ ತಲೆಯೆತ್ತಿ ನಡೆಯುವುದೋ ಎಂಬುದಕ್ಕೆ ಈ ಎಳೆಯ ದಿನಗಳ ಪರಿಚಯವೂ ಒಂದು ಕಾರಣವಾಗುತ್ತದೆ. ಆದುದರಿಂದ ವರ್ಷಕ್ಕೊಂದು ದಿನವಾದರೂ ಬೇರಾವ ಕೆಲಸವನ್ನೂ ಇಟ್ಟುಕೊಳ್ಳದೆ, ಮಕ್ಕಳಿಗಾಗಿಯೇ ಅವರನ್ನು ಬಳ್ಳಾರಿಗೆ ಕರೆತನ್ನಿ ಎಂದು ತಂದೆತಾಯಿಗಳಲ್ಲಿ ನಮ್ಮ ವಿನಂತಿ.

ದೂರವೇನೂ ಹೆಚ್ಚಿಲ್ಲ. ಕುರುಗೋಡಿನಿಂದ ಸುಮಾರು 30 ಕಿಲೋಮೀಟರು, ಸಿರುಗುಪ್ಪದಿಂದ 60ಕ್ಕೆ ಸಮೀಪ. ಖರ್ಚಿನ ಮಾತೂ ಹಿಂದಿನಂತಿಲ್ಲ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಗಿದೆ. ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯಬೇಕಾದರೆ ಮನೆಯ ಯಜಮಾನನ ಜೇಬನ್ನು ನೋಡಬೇಕಾಗಿದ್ದ ತಾಯಂದಿರು ಈಗ ತಾವೇ ದಿನವನ್ನು ಗೊತ್ತುಮಾಡಬಹುದು.

ಆದರೆ ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸಿಬಿಡುವ ಆತುರ ಬೇಡ. ಐದಾರು ವರ್ಷದ ಮಗುವಿಗೆ ಹತ್ತು ಸ್ಥಳಗಳೆಂದರೆ ಹತ್ತು ಬಾರಿ ಕಾಲುನೋವು, ಅಷ್ಟೆ. ಅದಕ್ಕೆ ಬೇಕಾದುದು ತನ್ನ ಕಣ್ಣಿನಿಂದಲೇ ಪರೀಕ್ಷಿಸಿ ನೋಡಬಹುದಾದ ಒಂದು ಪ್ರಶ್ನೆ. ಅಂಥ ಪ್ರಶ್ನೆಯನ್ನು ಬಳ್ಳಾರಿ ತನ್ನ ನಡುವೆಯೇ ನಿಲ್ಲಿಸಿಕೊಂಡಿದೆ: ಕೋಟೆಯಿರುವ ಬಳ್ಳಾರಿ ಗುಡ್ಡ ಎತ್ತರವೋ, ಎದುರಿನ ಕುಂಬಾರ ಗುಡ್ಡ ಎತ್ತರವೋ?

ಈ ಪ್ರಶ್ನೆಯ ಹಿಂದೊಂದು ಕಥೆಯುಂಟು. ಮೇಲಿನ ಕೋಟೆಯನ್ನು ಕಟ್ಟಿಸಿದವನು ವಿಜಯನಗರದ ಸಾಮಂತನಾಗಿದ್ದ ಹನುಮಪ್ಪನಾಯಕ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಹೈದರಾಲಿಯ ಕೈಸೇರಿತು. ಅವನು ಫ್ರೆಂಚ್ ಎಂಜಿನಿಯರನೊಬ್ಬನ ನೆರವಿನಿಂದ ಅದನ್ನು ಬಲಪಡಿಸಿ, ಕೆಳಗಿನ ಕೋಟೆಯನ್ನೂ ಕಟ್ಟಿಸಿದನು. ಎಲ್ಲವೂ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಹೆಚ್ಚು ಎತ್ತರ! ಶತ್ರುವು ಅಲ್ಲಿ ಫಿರಂಗಿಯನ್ನಿಟ್ಟರೆ ಕೋಟೆಯ ಗತಿಯೇನು? ಕೋಪಗೊಂಡ ಹೈದರಾಲಿ ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲಿಯೇ ಗಲ್ಲಿಗೇರಿಸಿದನೆಂದು ಜನ ಹೇಳುತ್ತಾರೆ. ಇದು ಜನರ ಬಾಯಿಂದ ಬಾಯಿಗೆ ಬಂದ ಕಥೆಯೆಂಬುದನ್ನು ಮಗುವಿಗೆ ತಿಳಿಸಿಯೇ ಹೇಳಿರಿ. ಆಮೇಲೆ ಮೇಲಕ್ಕೆ ಹತ್ತಿಸಿ, ಎದುರಿನ ಗುಡ್ಡವನ್ನು ತೋರಿಸಿ, “ನೀನೇ ನೋಡಿ ಹೇಳು” ಎನ್ನಿರಿ. ಅದು ಒಂದು ಕಣ್ಣು ಮುಚ್ಚಿ, ಕೈಯನ್ನು ಅಡ್ಡ ಹಿಡಿದು ಅಳೆಯತೊಡಗುತ್ತದೆ. ತುಸು ದೊಡ್ಡ ಮಗುವಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳೀತು: “ಅಪ್ಪಾ, ಕಟ್ಟುವ ಮುಂಚೆ ರಾಜ ತಾನೇ ಯಾಕೆ ನೋಡಲಿಲ್ಲ?” ಈ ಪ್ರಶ್ನೆಗೆ ಉತ್ತರ ಹೇಳುವುದು ಹಿರಿಯರಿಗೂ ಸುಲಭವಲ್ಲ. ಆದರೆ ಚರಿತ್ರೆಯ ಪಾಠ ಇಂಥ ಪ್ರಶ್ನೆಯಿಂದಲೇ ಮೊದಲಾಗಬೇಕು.

ಗುಡ್ಡದ ಮೇಲೆ ಬಂಡೆಯಲ್ಲಿ ಮಳೆನೀರು ಹಿಡಿದಿಡುವ ಹೊಂಡಗಳಿವೆ. ಅಷ್ಟೆತ್ತರದಲ್ಲಿ ಸೈನಿಕರು ನೀರಿಗೇನು ಮಾಡುತ್ತಿದ್ದರೆಂಬುದಕ್ಕೆ ಅವೇ ಉತ್ತರ. ಅಂಚಿನ ಬಳಿ ಮಕ್ಕಳ ಕೈ ಬಿಡಕೂಡದು. ಇಳಿದು ಬಂದ ಮೇಲೆ ಕುಂಬಾರ ಗುಡ್ಡವನ್ನು ಆಗ್ನೇಯ ದಿಕ್ಕಿನಿಂದ ತೋರಿಸಿರಿ. ಅಲ್ಲಿಂದ ಅದು ಮಲಗಿ ಆಕಾಶವನ್ನು ನೋಡುವ ಮನುಷ್ಯನ ಮುಖದಂತೆ ಕಾಣುತ್ತದೆ. ಮೂಗನ್ನು ಮೊದಲು ಗುರುತಿಸುವವರು ಮಕ್ಕಳೇ.

ಮಧ್ಯಾಹ್ನದ ಬಿಸಿಲಿಗೆ ನೆರಳು ಬೇಕಷ್ಟೆ. ಆಗ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲಿ ಬಳ್ಳಾರಿಯಲ್ಲಿರುವ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದ ಭೂವಿಜ್ಞಾನಿ ಈತ. ಮುಂದೆ ಬಳ್ಳಾರಿಯ ಸುತ್ತಲಿನ ಗುಡ್ಡಗಳಲ್ಲಿಯೂ ಆದಿಮಾನವರ ಕುರುಹುಗಳನ್ನು ಅರಸಿದನು. ನಗರದ ಸಮೀಪದಲ್ಲಿಯೇ ಇರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದರು. ಬಂಡೆಗಳ ಮೇಲೆ ದನಗಳ ಚಿತ್ರಗಳನ್ನು ಕೊರೆದರು. ಬಡಿದರೆ ಗಂಟೆಯಂತೆ ನಾದಗೊಡುವ ಕಲ್ಲುಗಳೂ ಅಲ್ಲಿವೆ. ಗಾಜಿನ ಹಿಂದಿರುವ ಕೊಡಲಿಯನ್ನು ತೋರಿಸಿ, ಇದನ್ನು ಉಜ್ಜಿ ನುಣುಪು ಮಾಡಲು ಎಷ್ಟು ದಿನ ಹಿಡಿದೀತೆಂದು ಮಗುವನ್ನು ಕೇಳಿರಿ. ಸಿರುಗುಪ್ಪದ ಮಕ್ಕಳಿಗಂತೂ ಇನ್ನೊಂದು ಮಾತು ಹೇಳಬೇಕು: ಅದೇ ಯುಗದ ಜನ ವಾಸಿಸಿದ್ದ ನೆಲೆಯೊಂದು ಅವರ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿಯೂ ಇದ್ದು, 1960ರ ದಶಕದಲ್ಲಿ ಅಲ್ಲಿ ಉತ್ಖನನ ನಡೆಯಿತು.

ಸಂಜೆಗೆ ಪೇಟೆ. ಕೌಲ್ ಬಜಾರ್, ಬ್ರೂಸ್ ಪೇಟೆಗಳ ಬೀದಿಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಎಷ್ಟು ಭಾಷೆ ಕೇಳಿಸಿತೆಂದು ಎಣಿಸುವ ಆಟ ಮಕ್ಕಳಿಗೆ ಬಲು ಪ್ರಿಯ. ಜೀನ್ಸ್ ಬಟ್ಟೆ ಹೊಲಿಯುವ ಊರೆಂದು ಬಳ್ಳಾರಿಗೆ ಇಂದು ದೂರದೂರದಲ್ಲಿ ಹೆಸರಿದೆ; ಅಂಗಡಿಯ ಉಡುಪಿನ ಹಿಂದೆ ಹೊಲಿಗೆಯವರ ಕೈಯಿದೆಯೆಂಬುದನ್ನು ಮಗು ಇಲ್ಲಿ ತಿಳಿಯಬಹುದು. ನಟ ಬಳ್ಳಾರಿ ರಾಘವರ (1880–1946) ಹೆಸರಿನ ರಾಘವ ಕಲಾಮಂದಿರದ ಮುಂದೆ ಹಾದುಹೋಗುವಾಗ, ವಕೀಲರಾಗಿದ್ದೂ ರಂಗಭೂಮಿಗೆ ಬಾಳನ್ನು ಕೊಟ್ಟ ಒಬ್ಬರಿದ್ದರೆಂದು ಒಂದು ಮಾತು ಹೇಳಿರಿ. ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಊರು ಯಾರ ಪಾಲಿಗೆ ಬರಬೇಕೆಂದು ದೊಡ್ಡ ವಾದವೇ ನಡೆದು, ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದೇ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಬೀದಿಯ ತೆಲುಗು ಬೀದಿಯಲ್ಲಿಯೇ ಉಳಿಯಿತು. ಇದನ್ನು ಮಗು ಪುಸ್ತಕದಲ್ಲಿ ಓದುವುದಕ್ಕಿಂತ ಕಿವಿಯಿಂದ ಕೇಳಿ ತಿಳಿಯುವುದು ಲೇಸು.

ಇನ್ನು ಕೆಲವು ವ್ಯವಹಾರದ ಮಾತುಗಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿಯನ್ನು ದಾಟುವುದುಂಟು. ಶಾಲೆಗೆ ರಜೆಯೆಂದು ಆಗ ಹೊರಡಬೇಡಿ. ನವೆಂಬರಿನಿಂದ ಜನವರಿಯವರೆಗೆ ಒಳ್ಳೆಯ ಕಾಲ. ಗುಡ್ಡವನ್ನು ಬೆಳಗ್ಗೆಯೇ ಹತ್ತಿಬಿಡಬೇಕು, ನೀರು ಜೊತೆಗಿರಬೇಕು. ತಂದೆತಾಯಿಗಳ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಬರೆದ ಚೀಟಿಯೊಂದು ಮಗುವಿನ ಜೇಬಿನಲ್ಲಿರಲಿ. ತಪ್ಪಿಸಿಕೊಂಡರೆ ಅಲೆಯದೆ ನಿಂತಲ್ಲಿಯೇ ನಿಲ್ಲಬೇಕೆಂದೂ ಪೊಲೀಸರಿಗೋ ಅಂಗಡಿಯ ಅಕ್ಕನಿಗೋ ಚೀಟಿಯನ್ನು ತೋರಿಸಬೇಕೆಂದೂ ಮೊದಲೇ ಹೇಳಿಕೊಟ್ಟಿರಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಒಗ್ಗಾಣಿ, ಮಿರ್ಚಿಗಳ ಅಂಗಡಿಯ ಮುಂದೆ ಅವಸರ ಬೇಡ. ಎಷ್ಟೋ ಮಕ್ಕಳಿಗೆ ದಿನದ ಅತ್ಯುತ್ತಮ ನೆನಪು ಅದೇ ಆಗುವುದು. ಮಿರ್ಚಿಯನ್ನು ಮಾತ್ರ ದೊಡ್ಡವರು ಮೊದಲು ಕಚ್ಚಿ ನೋಡಲಿ.

ಪಟ್ಟಣ ನೋಡಿದ ಮಗು ತನ್ನ ಊರನ್ನು ಕೀಳಾಗಿ ಕಾಣತೊಡಗೀತೆಂಬ ಅಂಜಿಕೆ ಕೆಲವರಿಗೆ. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ. ಬಳ್ಳಾರಿಯ ನಲ್ಲಿಯಲ್ಲಿ ಬರುವ ನೀರು ತುಂಗಭದ್ರೆಯದು. ಅದೇ ಹೊಳೆ ಸಿರುಗುಪ್ಪದ ಮಗ್ಗುಲಲ್ಲಿ ಹರಿದು ಅಲ್ಲಿನ ಭತ್ತದ ಗದ್ದೆಗಳನ್ನು ಬೆಳೆಸುತ್ತದೆ. ಕುರುಗೋಡು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಅಲ್ಲಿನ ದೊಡ್ಡಬಸವೇಶ್ವರ ಗುಡಿಯಲ್ಲಿ ಸುಮಾರು 12 ಅಡಿ ಎತ್ತರದ ಏಕಶಿಲೆಯ ಬಸವನಿದ್ದಾನೆ. ಪಟ್ಟಣದಿಂದ ಮರಳಿದ ಮರುದಿನವೇ ಮಗುವನ್ನು ಆ ಹೊಳೆಯ ದಂಡೆಗೋ ಆ ಬಸವನ ಮುಂದಕ್ಕೋ ಕರೆದೊಯ್ದು, ಗುಡ್ಡದ ಮೇಲೆ ಕೇಳಿದಂತೆಯೇ ಇಲ್ಲಿಯೂ ಪ್ರಶ್ನೆಗಳನ್ನು ಕೇಳಿರಿ. ಈ ನೀರು ಎಲ್ಲಿಗೆ ಹೋಗುತ್ತದೆ? ಇಷ್ಟು ದೊಡ್ಡ ಕಲ್ಲನ್ನು ಹೇಗೆ ಕಡೆದರು? ನೋಡುವುದನ್ನು ಕಲಿತ ಮಗುವಿಗೆ ಬಳ್ಳಾರಿಯೂ ತನ್ನದಾಗುತ್ತದೆ, ತನ್ನ ಊರೂ ದೊಡ್ಡದಾಗುತ್ತದೆ.