ನೋವು ಹೋದರೆ ಗಾಯ ಮಾಯಿತೇ?

ಕ್ರೀಡೆಯಲ್ಲಿ ಗಾಯವೆಂಬ ಮಾತು ಬಂದರೆ ನಮ್ಮ ನಾಡಿನವರಿಗೆ ತಪ್ಪದೆ ನೆನಪಾಗುವ ಚಿತ್ರವೊಂದಿದೆ. 2002ರ ಮೇ ತಿಂಗಳಿನ ಆಂಟಿಗಾ ಟೆಸ್ಟ್ ಪಂದ್ಯದಲ್ಲಿ ನಮ್ಮ ಅನಿಲ್ ಕುಂಬ್ಳೆಯವರು, ಬ್ಯಾಟಿಂಗ್ ಮಾಡುವಾಗ ಚೆಂಡು ಬಡಿದು ಮುರಿದಿದ್ದ ದವಡೆಗೆ ತಲೆಯ ಸುತ್ತ ಪಟ್ಟಿ ಬಿಗಿಸಿಕೊಂಡು ಮೈದಾನಕ್ಕಿಳಿದು 14 ಓವರುಗಳನ್ನು ಎಸೆದರು. ಬ್ರಯನ್ ಲಾರಾ ಅವರ ವಿಕೆಟ್ಟನ್ನೂ ಪಡೆದರು. ಆಮೇಲಿನ ವರ್ಷಗಳಲ್ಲಿ ಶಾಲಾ ಕ್ರೀಡಾಕೂಟಗಳ ಉದ್ಘಾಟನೆಗೆ ಬಂದ ಅತಿಥಿಗಳಲ್ಲಿ ಈ ಪ್ರಸಂಗವನ್ನು ಹೇಳದೆ ಭಾಷಣ ಮುಗಿಸಿದವರನ್ನು ನಾನು ಕಂಡದ್ದು ಕಡಿಮೆ. ಆಟವೆಂದರೆ ಹೀಗೆ ಆಡಬೇಕು ಮಕ್ಕಳೇ ಎಂದು ಅವರು ಹೇಳುವುದು, ಮಕ್ಕಳು ಚಪ್ಪಾಳೆ ತಟ್ಟುವುದು ವಾಡಿಕೆಯೇ ಆಗಿಹೋಯಿತು.

ಕುಂಬ್ಳೆಯವರ ಧೈರ್ಯದ ಬಗ್ಗೆ ನನಗೆ ಇರುವ ಗೌರವ ಯಾರಿಗೂ ಕಡಿಮೆಯದಲ್ಲ. ಆದರೆ ಅದಕ್ಕೆ ಹಿಂದಿನ ವರ್ಷ ಅವರು ಮಾಡಿದ ಇನ್ನೊಂದು ಕೆಲಸವನ್ನು ಯಾವ ಅತಿಥಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಭುಜದ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 2001ರ ಬಹುಭಾಗವನ್ನು ಅವರು ಮೈದಾನದ ಹೊರಗೆ ಕಳೆದರು. ಆಸ್ಟ್ರೇಲಿಯಾ ವಿರುದ್ಧದ ಆ ಚಾರಿತ್ರಿಕ ತವರು ಸರಣಿ, ಹರಭಜನ್ ಸಿಂಗ್ 32 ವಿಕೆಟ್ ಉರುಳಿಸಿದ ಸರಣಿ, ಅವರಿಲ್ಲದೆಯೇ ನಡೆಯಿತು. ಅವರ ಒಟ್ಟು 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಕಾಯುವಿಕೆಯ ನಂತರ. ಮೈಸೂರಿನ ಜಾವಗಲ್ ಶ್ರೀನಾಥ್ ಅವರದೂ ಇಂಥದೇ ಕಥೆ. 1997ರಲ್ಲಿ ಭುಜದ ಸ್ನಾಯುರಜ್ಜುವಿನ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಚಿಕಿತ್ಸೆ ಪಡೆದು ಮರಳಿದವರು 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು.

ದವಡೆಯ ಪ್ರಸಂಗವನ್ನಾದರೂ ಶರೀರಶಾಸ್ತ್ರದ ಕಣ್ಣಿನಿಂದ ನೋಡೋಣ. ಬೌಲಿಂಗಿಗೆ ಬೇಕಾದ ಭುಜ, ಬೆನ್ನು, ಮಂಡಿ, ಬೆರಳು ಯಾವುದಕ್ಕೂ ಅಂದು ಪೆಟ್ಟಾಗಿರಲಿಲ್ಲ. ಮುರಿದ ಮೂಳೆಯನ್ನು ಪಟ್ಟಿ ಅಲುಗಾಡದಂತೆ ಹಿಡಿದಿತ್ತು. ಅಷ್ಟಾದ ಮೇಲೆ ಅವರು ಬೆಂಗಳೂರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಇದನ್ನು ತೋರಿಸಿ ಉಳುಕಿದ ಕಾಲಿನ ಹುಡುಗನನ್ನು ಓಟಕ್ಕೆ ಹಚ್ಚುವುದು ಯಾವ ತರ್ಕ? ಉಳುಕಿದ ಕಾಲು ಓಡಬೇಕಾದ ಕಾಲೇ ಅಲ್ಲವೇ?

ಪ್ರೌಢಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ಅಂಗಾಂಶಗಳ ಚಿತ್ರ ಬರೆಸುತ್ತೇವೆ, ಹೆಸರು ಗುರುತಿಸಲು ಹೇಳುತ್ತೇವೆ, ಅಂಕ ಕೊಡುತ್ತೇವೆ. ಅವು ಹರಿದರೆ ಏನಾಗುತ್ತದೆ ಎಂಬುದು ಪಾಠದಲ್ಲಿ ಬರುವುದಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ. ನಿಮ್ಮಲ್ಲಿ ಹಲವರು ಈಗ ಆಟವಾಡುವ ಮಕ್ಕಳ ತಂದೆತಾಯಿಯರು.

ಕೆರೆಯ ಏರಿ ಒಡೆದಾಗ ಊರವರು ಏನು ಮಾಡುತ್ತಾರೆಂಬುದನ್ನು ನೆನೆದುಕೊಳ್ಳಿ. ಮೊದಲು ಕೈಗೆ ಸಿಕ್ಕಿದ ಮಣ್ಣು, ಸೊಪ್ಪು, ಮೂಟೆ ಹಾಕಿ ಹರಿವನ್ನು ನಿಲ್ಲಿಸುತ್ತಾರೆ. ಶರೀರವೂ ಹಾಗೆಯೇ. ಪೆಟ್ಟಾದ ಕೂಡಲೇ ರಕ್ತ ಹೆಪ್ಪುಗಟ್ಟುತ್ತದೆ. ಬಿಳಿ ರಕ್ತಕಣಗಳು ಬಂದು ಸತ್ತ ಜೀವಕೋಶಗಳನ್ನು ತೆರವುಗೊಳಿಸುತ್ತವೆ. ನಾವು ಕಾಣುವ ಊತ, ಕೆಂಪು, ಬಿಸಿ ಎಲ್ಲವೂ ಈ ಕೆಲಸದ ಗುರುತು. ಇದು ಮೊದಲ ಕೆಲವು ದಿನಗಳ ಮಾತು. ಆಮೇಲೆ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಹುಟ್ಟಿ ಬಿರುಕನ್ನು ತುಂಬುತ್ತವೆ. ಎರಡು ಮೂರು ವಾರಗಳಲ್ಲಿ ಬಿರುಕು ಮುಚ್ಚುತ್ತದೆ, ಊತ ಇಳಿಯುತ್ತದೆ, ನೋವೂ ಹೋಗುತ್ತದೆ. ಆದರೆ ಈ ಹೊಸ ಎಳೆಗಳು ತೆಳುವಾದವು, ದಿಕ್ಕುದೆಸೆಯಿಲ್ಲದೆ ಹೆಣೆದುಕೊಂಡಂಥವು. ಅವುಗಳ ಜಾಗದಲ್ಲಿ ಗಟ್ಟಿ ಎಳೆಗಳು ಬಂದು, ಎಳೆತ ಬೀಳುವ ದಿಕ್ಕಿಗೆ ಸಾಲುಗೂಡಲು ತಿಂಗಳುಗಳು ಬೇಕು, ಕೆಲವೊಮ್ಮೆ ಒಂದು ವರ್ಷಕ್ಕೂ ಮೀರಿ. ಹೊಸ ಮಣ್ಣು ಕೂರುವ ಮೊದಲೇ ಕೆರೆಗೆ ನೀರು ತುಂಬಿಸಿದರೆ ಏರಿ ಒಡೆಯುವುದು ಅದೇ ಜಾಗದಲ್ಲಿ.

ಎಲ್ಲ ಅಂಗಾಂಶಗಳೂ ಒಂದೇ ವೇಗದಲ್ಲಿ ಮಾಯುವುದಿಲ್ಲ. ಸ್ನಾಯುವಿಗೆ ರಕ್ತದ ಪೂರೈಕೆ ಹೇರಳ. ಅದರ ಎಳೆಗಳ ಪಕ್ಕದಲ್ಲೇ ಹೊಸ ಎಳೆಗಳನ್ನು ಕಟ್ಟಬಲ್ಲ ಜೀವಕೋಶಗಳು ಮಲಗಿರುತ್ತವೆ. ಹಾಗಾಗಿ ತೊಡೆಯ ಸ್ನಾಯುವಿನ ಸಣ್ಣ ಹರುಕು ಕೆಲವೇ ವಾರಗಳಲ್ಲಿ ಸರಿಹೋಗಬಹುದು. ಮೂಳೆ ಇನ್ನೂ ಜಾಣ. ಸರಿಯಾಗಿ ಜೋಡಿಸಿ ಅಲುಗದಂತೆ ಇಟ್ಟರೆ ಕಲೆಯೇ ಉಳಿಯದಂತೆ ಮೂಳೆಯಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಮೂಳೆಗೆ ಮೂಳೆಯನ್ನು ಬಿಗಿಯುವ ಅಸ್ಥಿರಜ್ಜುವಿಗೂ, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿಗೂ ರಕ್ತ ಹರಿಯುವುದು ಕಡಿಮೆ. ಅವು ನಿಧಾನವಾಗಿ ಮಾಯುತ್ತವೆ, ಮಾಯ್ದ ಮೇಲೂ ಮೊದಲಿನ ಗಟ್ಟಿತನಕ್ಕೆ ಪೂರ್ತಿ ಮರಳುವುದು ವಿರಳ. ಕೀಲಿನೊಳಗಿನ ನುಣುಪಾದ ಮೃದ್ವಸ್ಥಿಯ ಕಥೆ ಎಲ್ಲಕ್ಕಿಂತ ದುಃಖಕರ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಸವೆಯುವಾಗ ಅದು ಕೂಗಿಕೊಳ್ಳುವುದಿಲ್ಲ. ಒಮ್ಮೆ ಹಾಳಾದ ಮೃದ್ವಸ್ಥಿ ಮತ್ತೆ ಸರಿಯಾಗುವುದಿಲ್ಲವೆಂದು ವಿಲಿಯಂ ಹಂಟರ್ ಎಂಬ ವೈದ್ಯ 1743ರಲ್ಲೇ ಬರೆದಿಟ್ಟ. ಇಷ್ಟು ವಿಜ್ಞಾನ ಮುಂದುವರಿದ ಮೇಲೂ ಆ ಮಾತು ಬಹುಮಟ್ಟಿಗೆ ನಿಂತೇ ಇದೆ.

ಮೊಣಕಾಲಿನ ಒಳಗೆ ಅಡ್ಡವಾಗಿ ಹಾಯ್ದಿರುವ ಅಸ್ಥಿರಜ್ಜುವೊಂದಿದೆ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಎಸಿಎಲ್ ಎಂದು ನೀವು ಓದುವುದು ಅದನ್ನೇ. ಓಡುತ್ತಿದ್ದವರು ಥಟ್ಟನೆ ದಿಕ್ಕು ಬದಲಿಸಿದಾಗ, ಪಾದ ನೆಲದಲ್ಲಿ ನೆಟ್ಟು ಮೈ ತಿರುಗಿದಾಗ ಅದು ಹರಿಯುತ್ತದೆ. ಯಾರೂ ತಳ್ಳಬೇಕಾಗಿಲ್ಲ. ಕೀಲಿನ ದ್ರವ ಅಲ್ಲಿ ರಕ್ತ ಹೆಪ್ಪುಗಟ್ಟಿ ನಿಲ್ಲಲು ಬಿಡುವುದಿಲ್ಲವಾದ್ದರಿಂದ ಪೂರ್ತಿ ಹರಿದ ಎಸಿಎಲ್ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯ ಹೆಚ್ಚೆಂಬುದು ವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ.

1996ನೆಯ ಇಸವಿ. ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಖೋ ಖೋ ಆಡುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಬೆನ್ನಟ್ಟಿ ಓಡಿ ಕಂಬದ ಬಳಿ ತಿರುಗುವಾಗ ಅವಳ ಕಾಲು ಹೇಗೆ ಬಾಗುತ್ತಿತ್ತೆಂದರೆ ಗಾಳಿಗೆ ಬಾಗಿದ ಬಿದಿರಿನಂತೆ ಕಾಣುತ್ತಿತ್ತು. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಅದೇ ಕಂಬದ ಬಳಿ ಮೊಣಕಾಲಿನೊಳಗೆ ಟಕ್ಕೆಂದಿತು. ಸಂಜೆಯ ಹೊತ್ತಿಗೆ ಮಂಡಿ ತೆಂಗಿನಕಾಯಿಯಷ್ಟು ಊದಿಕೊಂಡಿತು. ಮನೆಯವರು ಎಣ್ಣೆ ಹಚ್ಚಿ ನೀವಿಸಿದರು. ಎರಡು ವಾರಕ್ಕೆ ಊತ ಇಳಿಯಿತು, ನಡೆಯತೊಡಗಿದಳು. ಜಿಲ್ಲಾ ಮಟ್ಟಕ್ಕೆ ತಂಡ ಹೊರಟಾಗ ನಾನು ಬೇಡವೆಂದೆ. "ನೋವೇ ಇಲ್ಲ ಅಂತಾಳಲ್ಲ ಮೇಷ್ಟ್ರೇ" ಎಂಬ ಉತ್ತರ ಬಂತು. ನಿಜ, ಅವಳೂ "ನೋವಿಲ್ಲ ಸಾರ್" ಎಂದೇ ಹೇಳಿದಳು. ಆ ವಯಸ್ಸಿನ ಯಾವ ಮಗು ಬಸ್ಸು ಹೊರಡುವ ಹೊತ್ತಿನಲ್ಲಿ ನೋವಿದೆ ಎಂದೀತು? ಜಿಲ್ಲಾ ಪಂದ್ಯದ ಮೊದಲ ಸುತ್ತಿನಲ್ಲೇ ಮಂಡಿ ಕೈಕೊಟ್ಟಿತು. ಮುಂದೆ ಪಟ್ಟಣದ ಆಸ್ಪತ್ರೆಯಲ್ಲಿ ತೋರಿಸಿದಾಗ ಅಸ್ಥಿರಜ್ಜುವಿನೊಂದಿಗೆ ಮಂಡಿಯೊಳಗಿನ ಮೃದ್ವಸ್ಥಿಯ ಗಾದಿಯೂ ಹರಿದಿದೆ ಎಂದರು. ಮೊದಲನೆಯದು ತಾಲ್ಲೂಕು ಪಂದ್ಯದ್ದು; ಎರಡನೆಯದು ಬಹುಶಃ ನಾವು ಕೊಡಿಸಿದ್ದು ಎಂದು ಆ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ತಂಡ ತಂದ ಪ್ರಶಸ್ತಿ ಪತ್ರ ಕಚೇರಿಯ ಗೋಡೆಯ ಮೇಲೆ ಬಹಳ ವರ್ಷ ಇತ್ತು. ಅವಳು ಮತ್ತೆ ಆಡಲಿಲ್ಲ.

ಇಲ್ಲಿ ನನ್ನ ಆಕ್ಷೇಪಣೆ ಒಬ್ಬ ದೈಹಿಕ ಶಿಕ್ಷಕರ ಮೇಲಲ್ಲ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ ಮಟ್ಟ, ರಾಜ್ಯ ಮಟ್ಟ ಎಂದು ಶಾಲಾ ಕ್ರೀಡಾಕೂಟಗಳು ಒಂದರ ಬೆನ್ನಿಗೊಂದು ಬರುತ್ತವೆ. ಎರಡರ ನಡುವೆ ಸಿಗುವುದು ಕೆಲವು ವಾರಗಳು; ಅಸ್ಥಿರಜ್ಜು ಕೇಳುವುದು ಕೆಲವು ತಿಂಗಳುಗಳು. ಈ ಲೆಕ್ಕ ಎಲ್ಲಿಯೂ ಹೊಂದುವುದಿಲ್ಲ. ಗೆದ್ದ ಶಾಲೆಗೆ ಹೆಸರು ಬರುತ್ತದೆ, ವಿಶ್ರಾಂತಿ ಕೊಟ್ಟ ಶಾಲೆಗೆ ಏನೂ ಬರುವುದಿಲ್ಲ. ಪೆಟ್ಟಾದ ಮಗುವಿನ ಬದಲಿಗೆ ಕಾಯ್ದಿರಿಸಿದ ಆಟಗಾರರನ್ನು ಇಳಿಸಬೇಕೆಂಬ, ವೈದ್ಯರ ಚೀಟಿಯಿಲ್ಲದೆ ಮರಳಿ ಆಡಿಸಬಾರದೆಂಬ ನಿಯಮವನ್ನು ಪ್ರತಿಯೊಂದು ಶಾಲೆಯೂ ತಾನೇ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ವೃತ್ತಿಪರರಿಗೆ ಈ ವಿಷಯ ಚೆನ್ನಾಗಿ ಗೊತ್ತು. ಕೆ. ಎಲ್. ರಾಹುಲ್ 2023ರ ಮೇ ತಿಂಗಳಿನಲ್ಲಿ ತೊಡೆಗೆ ಗಾಯ ಮಾಡಿಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. ಮರಳಿ ಬ್ಯಾಟು ಹಿಡಿದದ್ದು ಸೆಪ್ಟೆಂಬರಿನಲ್ಲಿ, ಬಂದ ಮೊದಲ ಪಂದ್ಯದಲ್ಲೇ ಪಾಕಿಸ್ತಾನದ ವಿರುದ್ಧ ಶತಕ ಹೊಡೆದರು. ಎಸಿಎಲ್ ಶಸ್ತ್ರಚಿಕಿತ್ಸೆಯಾದವರನ್ನು ಒಂಬತ್ತು ತಿಂಗಳಿಗೆ ಮೊದಲು ಆಟಕ್ಕೆ ಬಿಡಬಾರದೆಂದು ಇಂದಿನ ತಜ್ಞರು ಹೇಳುತ್ತಾರೆ. ಕೋಟಿಗಟ್ಟಲೆ ಹಣದ ಒಪ್ಪಂದವಿರುವ ಆಟಗಾರನಿಗೆ ಸಿಗುವ ಕಾಲಾವಕಾಶ ಹಳ್ಳಿಯ ಶಾಲೆಯ ಹುಡುಗಿಗೆ ಏಕೆ ಸಿಗಬಾರದು?

ಎಣ್ಣೆ ಹಚ್ಚಿ ನೀವುವ ವಿಚಾರವನ್ನೂ ಹೇಳಿಬಿಡುತ್ತೇನೆ. ಕೆಲವು ಹಿರಿಯ ಬಂಧುಗಳಿಗೆ ಬೇಸರವಾದರೂ ಚಿಂತೆಯಿಲ್ಲ. ಹೊಸದಾಗಿ ಉಳುಕಿದ ಕೀಲನ್ನು ಮೊದಲ ಎರಡು ಮೂರು ದಿನ ನೀವುವುದು, ತಿರುಚಿ "ನೆಟಿಕೆ" ತೆಗೆಯುವುದು, ಬಿಸಿ ಶಾಖ ಕೊಡುವುದು ಇವೆಲ್ಲ ಒಳಗಿನ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಆಂಧ್ರದ ಪುತ್ತೂರು ಕಟ್ಟಿನಂಥ ನಾಟಿ ಪದ್ಧತಿಗಳಿಂದ ಗುಣವಾದವರು ನಮ್ಮಲ್ಲಿ ಅನೇಕರಿದ್ದಾರೆ. ಮೂಳೆಯನ್ನು ಅಲುಗದಂತೆ ಕಟ್ಟುವುದು ಸರಿಯಾದ ತತ್ತ್ವವೇ. ಆದರೆ ಒಳಗೆ ಮೂಳೆ ಹೇಗೆ ಮುರಿದಿದೆಯೆಂದು ನೋಡದೆ ಕಟ್ಟಿದರೆ, ಬಿಗಿ ಹೆಚ್ಚಾಗಿ ಬೆರಳು ನೀಲಿಯಾದರೆ, ಅನಾಹುತ. ಇಂಗ್ಲಿಷ್ ವೈದ್ಯವೂ ತನ್ನ ಮಾತನ್ನು ತಿದ್ದಿಕೊಂಡಿದೆಯೆಂಬುದನ್ನು ನ್ಯಾಯವಾಗಿ ಹೇಳಬೇಕು. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ಸೂತ್ರಕ್ಕೆ 1978ರಲ್ಲಿ "ರೈಸ್" ಎಂಬ ಹೆಸರು ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಅತಿಯಾದ ಮಂಜುಗಡ್ಡೆಯೂ ಅತಿಯಾದ ವಿಶ್ರಾಂತಿಯೂ ಮಾಯುವಿಕೆಯನ್ನು ತಡಮಾಡಬಹುದೆಂದು 2014ರಲ್ಲಿ ಬರೆದರು. ನೋವು ತಗ್ಗಿಸಲು ಸ್ವಲ್ಪ ಹೊತ್ತು ಮಂಜುಗಡ್ಡೆ ಇಟ್ಟರೆ ತೊಂದರೆಯಿಲ್ಲ, ಬಟ್ಟೆಯಲ್ಲಿ ಸುತ್ತಿ ಇಡಬೇಕು. ಮೈದಾನದಲ್ಲಿ ಹೊಡೆಯುವ ಸ್ಪ್ರೇ ಚರ್ಮವನ್ನು ತಣ್ಣಗಾಗಿಸಿ ನೋವನ್ನು ಮರೆಸುತ್ತದೆ, ಅಷ್ಟೆ. ಅದನ್ನು ಔಷಧಿಯೆಂದು ತಿಳಿದು ಮಗುವನ್ನು ಮತ್ತೆ ಕಣಕ್ಕಿಳಿಸುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಹಾಗೆಂದು ತಿಂಗಳುಗಟ್ಟಲೆ ಮಂಚದ ಮೇಲೆ ಮಲಗಿಸುವುದೂ ಸಲ್ಲದು. ಹೊಸ ಎಳೆಗಳು ಸಾಲುಗೂಡುವುದು ಅವುಗಳ ಮೇಲೆ ಹದವಾದ ಎಳೆತ ಬಿದ್ದಾಗ. ಕೆಲವು ದಿನಗಳ ವಿಶ್ರಾಂತಿಯ ನಂತರ ಮೆಲ್ಲಗೆ ನಡೆಯುವುದು, ಕೀಲನ್ನು ಆಡಿಸುವುದು, ಸ್ನಾಯುಗಳಿಗೆ ಬಲ ತುಂಬುವುದು ಚಿಕಿತ್ಸೆಯ ಭಾಗವೇ. ಅಸ್ಥಿರಜ್ಜುವಿನಲ್ಲಿ ಪಾದ ಹೇಗೆ ನಿಂತಿದೆಯೆಂದು ಮೆದುಳಿಗೆ ತಿಳಿಸುವ ನರದ ತುದಿಗಳಿರುತ್ತವೆ. ಉಳುಕಿದಾಗ ಅವೂ ಕೆಡುತ್ತವೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕಲು ಇದೂ ಒಂದು ಕಾರಣ. ಇದಕ್ಕೆ ಫಿಸಿಯೊಥೆರಪಿಯವರು ಹೇಳಿಕೊಡುವ ವ್ಯಾಯಾಮವೇನು ಗೊತ್ತೇ? ಒಂಟಿಕಾಲಿನಲ್ಲಿ ನಿಲ್ಲುವುದು! ಹಿಂದಿನ ಕಾಲದ ಮೇಷ್ಟ್ರುಗಳು ಮಗ್ಗಿ ಬಾರದವರಿಗೆ ಕೊಡುತ್ತಿದ್ದ ಶಿಕ್ಷೆ ಇಂದು ಶುಲ್ಕ ಕೊಟ್ಟು ಕಲಿಯುವ ವಿದ್ಯೆಯಾಗಿದೆ. ಆಟಕ್ಕೆ ಮುನ್ನ ಇಂಥ ಸಮತೋಲನದ, ಜಿಗಿದು ಮೆತ್ತಗೆ ಇಳಿಯುವ ಅಭ್ಯಾಸಗಳನ್ನು ಇಪ್ಪತ್ತು ನಿಮಿಷ ಮಾಡಿಸುವ "ಫಿಫಾ 11+" ಎಂಬ ಕ್ರಮವೊಂದಿದೆ. ಕಾಲ್ಚೆಂಡಿನವರು ರೂಪಿಸಿದ ಈ ಕ್ರಮದಿಂದ ಗಾಯಗಳು ಗಣನೀಯವಾಗಿ ತಗ್ಗುತ್ತವೆಂದು ಅಧ್ಯಯನಗಳು ತೋರಿಸಿವೆ. ಇದಕ್ಕೆ ವಿಶೇಷ ಉಪಕರಣಗಳೇನೂ ಬೇಡ. ನಮ್ಮ ಖೋ ಖೋ, ಕಬಡ್ಡಿ ಅಂಕಣಗಳಲ್ಲೂ ಪ್ರಯತ್ನಿಸಬಹುದು.

ಬಂಧುಗಳ ಪೈಕಿ ಬ್ಯಾಡ್ಮಿಂಟನ್ ಆಡುವ ಹನ್ನೆರಡರ ಹುಡುಗನೊಬ್ಬನಿದ್ದಾನೆ. ಮೊನ್ನೆ ಅವನ ತಾಯಿ ಫೋನಿನಲ್ಲಿ, "ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ ದೊಡ್ಡಪ್ಪ, ಎಷ್ಟು ದಿನ ಬಿಡಿಸಬೇಕು?" ಎಂದು ಕೇಳಿದಳು. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಅಸ್ಥಿರಜ್ಜು ಅದರಲ್ಲಿ ಕಾಣುವುದಿಲ್ಲ. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿಯ ಬಳಿಯ ಬೆಳವಣಿಗೆಯ ಪದರವೇ ಅಸ್ಥಿರಜ್ಜುವಿಗಿಂತ ದುರ್ಬಲ. ಅಲ್ಲಿನ ಪೆಟ್ಟು ಕೆಲವೊಮ್ಮೆ ಮೊದಲ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಮುಟ್ಟಿದರೆ ನೋವಿದ್ದರೆ ಮೂಳೆ ವೈದ್ಯರಿಗೆ ಮತ್ತೊಮ್ಮೆ ತೋರಿಸಬೇಕು. ದಿನಗಳ ಲೆಕ್ಕ ಕೇಳಬೇಡಮ್ಮ ಎಂದೆ. ಪೆಟ್ಟಾದ ಕಾಲಿನಲ್ಲಿ ಅವನು ಇನ್ನೊಂದು ಕಾಲಿನಷ್ಟೇ ಹೊತ್ತು ಅಲುಗದೆ ನಿಲ್ಲಬೇಕು, ಅಷ್ಟೇ ದೂರ ಕುಂಟುಬಿಲ್ಲೆಯಂತೆ ಜಿಗಿಯಬೇಕು, ಓಡಿ ಥಟ್ಟನೆ ತಿರುಗಿದಾಗ ಅಳುಕಬಾರದು, ಮರುದಿನ ಊದಿಕೊಳ್ಳಬಾರದು. ಇಷ್ಟಾದ ಮೇಲೆ ವೈದ್ಯರು ಹೂಂ ಎನ್ನಬೇಕು. ಅಲ್ಲಿಯವರೆಗೆ ಅಂಕಣದ ಪಕ್ಕದಲ್ಲಿ ಕುಳಿತು ಗೆಳೆಯರ ಅಂಕ ಬರೆಯಲಿ.