ಹುಳದ ಔಷಧ ಎಂದರೆ ಯಾವ ಹುಳದ್ದು?

ಹಿತ್ತಲ ಕೋಳಿ ಮಂಕಾಗಿ ಮೂಲೆ ಹಿಡಿದರೆ ಅಂಗಡಿಯಲ್ಲಿ ಕೇಳುವುದು ಒಂದೇ ಮಾತು: "ಹುಳದ ಔಷಧ ಕೊಡಿ." ಯಾವ ಹುಳ ಎಂದು ಕೊಳ್ಳುವವರು ಹೇಳುವುದಿಲ್ಲ, ಮಾರುವವರು ಕೇಳುವುದಿಲ್ಲ. ಬಡವರ ಮನೆಯ ಕೋಳಿ ಸಾಯುವುದರಲ್ಲಿ ಈ ಮೌನದ ಪಾಲೂ ಇದೆ.

"ಹುಳ" ಎಂಬ ಒಂದೇ ಪದದಡಿ ಹಲವು ಶತ್ರುಗಳು ಅಡಗಿವೆ. ಕರುಳಿನ ದುಂಡುಹುಳುವಿಗೆ ಪೈಪರಜೀನ್ ನಾಟುತ್ತದೆ. ಲಾಡಿಹುಳುವಿಗೆ ಅದೇ ಔಷಧ ಬರೀ ನೀರು. ಕೋಳಿ ಇರುವೆ, ಜೀರುಂಡೆಗಳನ್ನು ಹೆಕ್ಕಿ ತಿಂದಾಗ ಲಾಡಿಹುಳು ಒಳಸೇರುತ್ತದೆ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಕಾರಣ ಬಹುಪಾಲು ಹುಳವೇ ಅಲ್ಲ, ಕಾಕ್ಸಿಡಿಯಾ ಎಂಬ ಏಕಕೋಶ ಜೀವಿ. ಅದಕ್ಕೆ ಆಂಪ್ರೋಲಿಯಂನಂಥ ಬೇರೆಯೇ ಔಷಧ ಬೇಕು. ಜಂತಿನ ಔಷಧ ಕುಡಿಸಿ ಎರಡು ದಿನ ಕಾದರೆ ಮರಿಗಳು ಉಳಿಯುವುದು ಕಷ್ಟ. ಹೇನು ಕೋಳಿಯ ಮೈಮೇಲೆಯೇ ಬದುಕುತ್ತದೆ. ಕೆಂಪು ನುಸಿ ಮತ್ತು ಬೆಳೆದ ಉಣ್ಣೆ ಹಗಲೆಲ್ಲ ಗೂಡಿನ ಬಿರುಕಿನಲ್ಲಿದ್ದು ರಾತ್ರಿ ಬಂದು ರಕ್ತ ಹೀರುತ್ತವೆ. ಗೂಡನ್ನು ಬಿಟ್ಟು ಕೋಳಿಗೆ ಮಾತ್ರ ಪುಡಿ ಉದುರಿಸಿ ಏನು ಬಂತು?

ಇನ್ನು ಪುಣೆ, ಚೆನ್ನೈಗಳಿಂದ ಊರಿನ ಅವ್ವನ ಮೊಬೈಲಿಗೆ ಹೋಗುವ ಬೆಳ್ಳುಳ್ಳಿ, ಬೇವು, ಕುಂಬಳಬೀಜದ ವಿಡಿಯೋಗಳು. ಹಿಂದಿನವರು ಯಾವ ಔಷಧ ಹಾಕುತ್ತಿದ್ದರು ಎಂಬ ಪ್ರಶ್ನೆಯೂ ಅವುಗಳ ಜೊತೆಗೇ ಬರುತ್ತದೆ. ಹಿಂದಿನ ಕೋಳಿ ಊರೆಲ್ಲ ಮೇಯುತ್ತಿತ್ತು. ಇಂದಿನದು ಬಲೆ ಕಟ್ಟಿದ ಅದೇ ಹತ್ತಡಿ ಜಾಗದಲ್ಲಿ ಹಿಕ್ಕೆ ಹಾಕಿ ಅಲ್ಲೇ ಹೆಕ್ಕುತ್ತದೆ. ದುಂಡುಹುಳುವಿನ ಮೊಟ್ಟೆ ತೇವದ ಕಸದಲ್ಲಿ ಸುಮಾರು ಎರಡು ವಾರಕ್ಕೆ ಸೋಂಕು ಹರಡಲು ಸಿದ್ಧವಾಗುತ್ತದೆ, ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೆಲ ಒಣಗಿಸದೆ, ಹಳೆಯ ಕಸ ತೆಗೆಯದೆ, ಮರಿಗಳನ್ನು ದೊಡ್ಡ ಕೋಳಿಗಳಿಂದ ಬೇರೆ ಇಡದೆ ಬೆಳ್ಳುಳ್ಳಿ ಜಜ್ಜಿದರೆ ಹುಳಕ್ಕೇನೂ ನಷ್ಟವಿಲ್ಲ. ಕಂಪನಿಯ ಔಷಧ ಸುರಿದರೂ ಅಷ್ಟೇ: ಕರುಳು ಖಾಲಿಯಾದ ಕೋಳಿ ಮತ್ತೆ ಅದೇ ಕಸ ಕೆದರುತ್ತದೆ. ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದಡಿ ನೋಡಿಸುವ ಬದಲು ಕ್ಯಾಲೆಂಡರ್ ನೋಡಿ ಔಷಧ ಹಾಕುವುದು ಚಿಕಿತ್ಸೆಯಲ್ಲ, ಹರಕೆ.

ಆದರೆ ದೊಡ್ಡ ತಪ್ಪು ಅವ್ವನದಲ್ಲ, ಬಾಟಲಿಯದು. ಔಷಧ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ, ಮಾಂಸ ಬಳಸಬಾರದು ಎಂಬುದನ್ನು ಲೇಬಲ್ಲಿನಲ್ಲಿ ಬರೆಯಬೇಕೆಂದು 2012ರಲ್ಲಿ ಔಷಧ ನಿಯಮಗಳಿಗೆ ತಿದ್ದುಪಡಿಯಾಯಿತು. ಅವಧಿ ಖಚಿತವಾಗಿರದಿದ್ದರೆ ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿಮಾಂಸಕ್ಕೆ 28 ದಿನ. ಒಳ್ಳೆಯ ನಿಯಮ. ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಬಗ್ಗೆ ಮಾತ್ರ ಅದು ತುಟಿ ಬಿಚ್ಚುವುದಿಲ್ಲ. ಬೆಳೆಗೆ ಹೊಡೆಯುವ ಕೀಟನಾಶಕದ ಜೊತೆಗಿನ ಚೀಟಿಯಲ್ಲಿ ಪ್ರಾದೇಶಿಕ ಭಾಷೆ ಇರಲೇಬೇಕೆಂದು 1971ರ ನಿಯಮಗಳೇ ಹೇಳಿವೆ. ಹೊಲದ ವಿಷಕ್ಕೆ ಕನ್ನಡ ಬರುತ್ತದೆ, ಮೊಟ್ಟೆಯ ಮೂಲಕ ಮಗುವಿನ ಹೊಟ್ಟೆ ಸೇರಬಹುದಾದ ಔಷಧಕ್ಕೆ ಬರಬಾರದೇ? ಕನ್ನಡವನ್ನು ನಾಮಫಲಕದಲ್ಲಿ ಹುಡುಕುವ ಹೋರಾಟಗಳು ಒಮ್ಮೆ ಈ ಬಾಟಲಿಯನ್ನೂ ತಿರುಗಿಸಿ ನೋಡಲಿ.

ಅಲ್ಲಿಯವರೆಗೆ ದೂರದಲ್ಲಿರುವ ಮಕ್ಕಳು ವಿಡಿಯೋ ಕಳಿಸುವುದನ್ನು ನಿಲ್ಲಿಸಿ ಲೇಬಲ್ಲಿನ ಫೋಟೋ ತರಿಸಿಕೊಳ್ಳಲಿ. ಯಾವ ಹುಳಕ್ಕೆ, ಎಷ್ಟು ನೀರಿಗೆ ಎಷ್ಟು, ಎಷ್ಟು ದಿನ ಮೊಟ್ಟೆ ಮಾರಬಾರದು, ಈ ಮೂರನ್ನು ಅವ್ವನಿಗೆ ಫೋನಿನಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಇಂಗ್ಲಿಷ್ ಕಲಿತದ್ದಕ್ಕೆ ಊರಿಗೆ ಅಷ್ಟಾದರೂ ಸಲ್ಲಬೇಕು.