ನಾಲ್ಕು ತ್ರಿಕೋನದ ಮ್ಯಾಜಿಕ್ಕಿಗೆ ಮರುಳಾಗಬೇಡಿ

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ವಿಷಯ ಕ್ವಿಲ್ಟ್ ಹೊಲಿಗೆ. "ನಮಗೂ ಹೊಲಿಗೆಗೂ ಏನು ಸಂಬಂಧ ಮಾರಾಯ್ರೆ" ಅಂತ ಪುಟ ಮುಚ್ಚೋ ಮುಂಚೆ ಒಂದು ನಿಮಿಷ ನಿಲ್ಲಿ. ನಮ್ಮಲ್ಲಿ ಅಡುಗೆ ಬರೆಯೋರು ಇದ್ದೀರಿ, ಕ್ಯಾಮೆರಾ ಬಗ್ಗೆ ಬರೆಯೋರು ಇದ್ದೀರಿ, ಲಿನಕ್ಸ್ ಹಾಕೋದು ಹೇಗೆ ಅಂತ ಬರೆಯೋರೂ ಇದ್ದೀರಿ. ಇನ್ನೊಬ್ಬರಿಗೆ 'ಹೀಗೆ ಮಾಡಿ' ಅಂತ ಹೇಳಿಕೊಡುವ ಎಲ್ಲರಿಗೂ ಈ ಜಗಳದಲ್ಲಿ ಪಾಲಿದೆ.

ಜಗಳ ಇರೋದು ಒಂದು ಪುಟ್ಟ ಚೌಕದ ಮೇಲೆ. ಎರಡು ಬಣ್ಣದ ಎರಡು ತ್ರಿಕೋನಗಳನ್ನ ಉದ್ದದ ಬದಿಗೆ ಸೇರಿಸಿ ಹೊಲಿದರೆ ಒಂದು ಚೌಕ ಆಗುತ್ತಲ್ಲ, ಅದಕ್ಕೆ ಕ್ವಿಲ್ಟ್ ಮಾಡೋರು 'ಹಾಫ್ ಸ್ಕ್ವೇರ್ ಟ್ರಯಾಂಗಲ್' ಅಂತಾರೆ. ಹೆಸರಲ್ಲಿ ತ್ರಿಕೋನ ಇದೆ, ಕೈಗೆ ಸಿಗೋದು ಚೌಕ. ನಾನು ಇಲ್ಲಿ 'ಜೋಡಿ ತ್ರಿಕೋನ' ಅಂತೀನಿ. ಅಮೆರಿಕದ ಕ್ವಿಲ್ಟುಗಳಲ್ಲಿ ಕಾಣೋ ಗಿರಗಿಟ್ಲೆ, ಗರಗಸದ ಹಲ್ಲಿನ ನಕ್ಷತ್ರ, ಸಮುದ್ರದ ಅಲೆ, ಇವೆಲ್ಲ ಹುಟ್ಟೋದು ಈ ಜೋಡಿ ತ್ರಿಕೋನಗಳನ್ನ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಜೋಡಿಸೋದರಿಂದ. ಇದೊಂದು ಸರಿಯಾಗಿ ಬಂದರೆ ಅರ್ಧ ಕ್ವಿಲ್ಟ್ ಬಂದ ಹಾಗೆ. ಸರಿಯಾಗಿ ಬರಲಿಲ್ಲ ಅಂದ್ರೆ ಚೂಪು ತುದಿಗಳೆಲ್ಲ ಹೊಲಿಗೆಯೊಳಗೆ ಮಾಯ, ಅಂಚೆಲ್ಲ ಸುಟ್ಟ ಹಪ್ಪಳ!

ಈಗ ವಿಡಿಯೋ ತೆಗೆದು ನೋಡಿದರೆ ಹೊಸಬರಿಗೆ ಮೊದಲು ಸಿಗೋದು ಒಂದು 'ಮ್ಯಾಜಿಕ್' ವಿಧಾನ. ಎರಡು ಚೌಕ ಬಟ್ಟೆಯನ್ನ ಮುಖಕ್ಕೆ ಮುಖ ಇಟ್ಟು ನಾಲ್ಕೂ ಅಂಚಿಗೆ ಕಾಲಿಂಚು ಒಳಗೆ ಹೊಲಿಗೆ ಹಾಕಿ, ಮೂಲೆಯಿಂದ ಮೂಲೆಗೆ ಎರಡು ಸಲ ಕತ್ತರಿಸಿ, ಬಿಡಿಸಿದರೆ ನಾಲ್ಕು ಜೋಡಿ ತ್ರಿಕೋನ! ಗೆರೆ ಎಳೆಯೋ ರಗಳೆ ಇಲ್ಲ, ಅರ್ಧ ಸಮಯ ಉಳಿತಾಯ, ಬಟ್ಟೆಯೂ ಉಳಿತಾಯ ಅಂತ ಹೊಗಳಿಕೆ ಬೇರೆ. ನನ್ನ ಮಾತು ಇಷ್ಟೇ: ಇದು ಉಳಿತಾಯ ಅಲ್ಲ. ಹೊಸಬರಿಗೆ ಇದನ್ನ ಮೊದಲ ಪಾಠವಾಗಿ ಕೊಡೋದು ಅನ್ಯಾಯ.

ಯಾಕೆ ಅಂತ ಹೇಳ್ತೀನಿ. ಬಟ್ಟೆ ಅಂದ್ರೆ ಹಾಸು ಮತ್ತು ಹೊಕ್ಕು. ಹಾಸಿನ ದಾರದ ದಿಕ್ಕಿಗೆ ಎಳೆದರೆ ಬಟ್ಟೆ ಬಗ್ಗಲ್ಲ. ಹೊಕ್ಕಿನ ದಿಕ್ಕಿಗೆ ಸ್ವಲ್ಪ ಕೊಡುತ್ತೆ. ಓರೆಯಾಗಿ, ಅಂದ್ರೆ 45 ಡಿಗ್ರಿಗೆ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತೆ, ಯಾಕಂದ್ರೆ ಆ ದಿಕ್ಕಿನಲ್ಲಿ ತಡೆಯೋಕೆ ಒಂದು ದಾರವೂ ಇಲ್ಲ. ಬ್ಲೌಸು ಹೊಲಿಯೋರಿಗೆ ಇದು ಹೊಸ ವಿಷಯ ಏನಲ್ಲ. 'ಕ್ರಾಸ್ ಕಟ್' ಬ್ಲೌಸು ಮೈಗೆ ಕೂರೋದು ಇದೇ ಗುಣದಿಂದ. ಕುತ್ತಿಗೆಗೆ ಹಾಕೋ ಪೈಪಿಂಗ್ ಪಟ್ಟಿಯನ್ನ ಕ್ರಾಸಾಗಿ ಕತ್ತರಿಸೋದೂ ಇದಕ್ಕೇ, ತಿರುವಿನಲ್ಲಿ ಬಗ್ಗಲಿ ಅಂತ. ಕುತ್ತಿಗೆಗೆ ವರ ಆದದ್ದು ಕ್ವಿಲ್ಟಿನ ಅಂಚಿಗೆ ಶಾಪ.

ಹಿಂದೆ ತ್ರಿಕೋನಗಳನ್ನ ಮೊದಲೇ ಕತ್ತರಿಸಿ ಆಮೇಲೆ ಜೋಡಿಸಿ ಹೊಲಿಯೋರು. ಆಗ ಓರೆ ಅಂಚು ಹೊಲಿಯೋವಾಗಲೇ ಹಿಗ್ಗಿ ಹೋಗ್ತಿತ್ತು. 1970ರ ದಶಕದಲ್ಲಿ ಅಮೆರಿಕದ ಬಾರ್ಬರಾ ಜೊಹಾನಾ ಅನ್ನೋರು 'ಮೊದಲು ಹೊಲಿಯಿರಿ, ಆಮೇಲೆ ಕತ್ತರಿಸಿ' ಅನ್ನೋ ಕ್ರಮವನ್ನ ತಮ್ಮ ಪುಸ್ತಕಗಳಿಂದ ಜನಪ್ರಿಯ ಮಾಡಿದರು. ಎರಡು ಚೌಕ ಮುಖಕ್ಕೆ ಮುಖ, ಕರ್ಣದ ಮೇಲೆ ಒಂದು ಗೆರೆ, ಗೆರೆಯ ಎರಡೂ ಕಡೆ ಕಾಲಿಂಚು ಬಿಟ್ಟು ಹೊಲಿಗೆ, ಆಮೇಲೆ ಗೆರೆ ಮೇಲೆ ಕತ್ತರಿ. ಎರಡು ಜೋಡಿ ತ್ರಿಕೋನ ಸಿಗುತ್ತೆ. ಈ ಕ್ರಮದ ಜಾಣತನ ನೋಡಿ: ಓರೆ ಇರೋ ಕಡೆ ಹೊಲಿಗೆ ಬಿದ್ದು ಅದು ಭದ್ರ ಆಯ್ತು. ಹೊರಗಿನ ನಾಲ್ಕೂ ಅಂಚು ನೇರ ದಾರದ್ದು, ಹಿಗ್ಗಲ್ಲ.

ಮ್ಯಾಜಿಕ್ ವಿಧಾನದಲ್ಲಿ ಆಗೋದು ತದ್ವಿರುದ್ಧ. ಹೊಲಿಗೆ ಬೀಳೋದು ನೇರ ದಾರದ ಅಂಚಿಗೆ. ಕತ್ತರಿ ಬೀಳೋದು ಓರೆಗೆ. ಸಿಕ್ಕ ಚೌಕದ ನಾಲ್ಕೂ ಹೊರ ಅಂಚು ಓರೆ! ಹೆಬ್ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದ ಹಾಗೆ.

ಹೋಗಲಿ, ಬಟ್ಟೆಯಾದರೂ ಉಳಿಯುತ್ತಾ? ಲೆಕ್ಕ ಹಾಕೋಣ. ಹೊಲಿದು ಮುಗಿದ ಮೇಲೆ 4 ಇಂಚು ಬರಬೇಕಾದ ನಾಲ್ಕು ಜೋಡಿ ತ್ರಿಕೋನ ಬೇಕು ಅಂತಿಟ್ಟುಕೊಳ್ಳಿ.

ಗೆರೆ ಎಳೆಯೋ ವಿಧಾನಕ್ಕೆ ಪ್ರತಿ ಬಣ್ಣದಲ್ಲಿ 4 7/8 ಇಂಚಿನ ಎರಡು ಚೌಕ. ಅಂದ್ರೆ ಸುಮಾರು 47.5 ಚದರ ಇಂಚು ಬಟ್ಟೆ. ಮ್ಯಾಜಿಕ್ ವಿಧಾನಕ್ಕೆ ಪ್ರತಿ ಬಣ್ಣದಲ್ಲಿ 6 7/8 ಇಂಚಿನ ಒಂದು ಚೌಕ. ಅಂದ್ರೆ ಸುಮಾರು 47.3 ಚದರ ಇಂಚು. ಉಳಿದದ್ದು ಹೆಬ್ಬೆರಳ ಉಗುರಿನಷ್ಟೂ ಇಲ್ಲ. ಹೊಲಿಗೆಯ ಉದ್ದ? ಎರಡರಲ್ಲೂ ಸುಮಾರು 26 ಇಂಚು. ಕೊನೆಯ ಕರ್ಣದ ಕತ್ತರಿ? ಎರಡರಲ್ಲೂ ಎರಡೇ ಸಲ. ಹಾಗಾದ್ರೆ ಉಳಿದದ್ದೇನು? ಬಣ್ಣಕ್ಕೊಂದು ಚೌಕ ಕತ್ತರಿಸೋದು ಮತ್ತು ಎರಡು ಪೆನ್ಸಿಲ್ ಗೆರೆ. ಇಷ್ಟಕ್ಕೆ 'ಅರ್ಧ ಸಮಯ ಉಳಿತಾಯ'! ಪೆನ್ಸಿಲ್ ಗೆರೆ ಎಳೆಯೋಕೆ ಎಷ್ಟು ಹೊತ್ತು ಬೇಕು ಸ್ವಾಮಿ?

ಈ ಸಿಟ್ಟಿಗೆ ಒಂದು ಕಾರಣ ಇದೆ. ಶನಿವಾರ ಮಧ್ಯಾಹ್ನ ನಮ್ಮನೆಗೆ ನಾಲ್ಕೈದು ಜನ ಹೊಲಿಯೋಕೆ ಬರ್ತಾರೆ. ಅವರಲ್ಲಿ ಕೆಲಸದಿಂದ ನಿವೃತ್ತರಾದ ಒಬ್ಬರು, ತೀರಿಕೊಂಡ ತಮ್ಮ ಅಮ್ಮನ ಮೂರು ನೂಲಿನ ಸೀರೆಗಳಿಂದ ಮೊಮ್ಮಗಳಿಗೆ ಒಂದು ಕ್ವಿಲ್ಟ್ ಮಾಡಬೇಕು ಅಂತ ಹೊರಟರು. ಸಾಲಿಗೆ 10ರ ಹಾಗೆ 12 ಸಾಲು, ಒಟ್ಟು 120 ಜೋಡಿ ತ್ರಿಕೋನ. ಮನೆಯಲ್ಲಿ ವಿಡಿಯೋ ನೋಡಿ ಎಲ್ಲವನ್ನೂ ಮ್ಯಾಜಿಕ್ ವಿಧಾನದಲ್ಲೇ ಮಾಡಿ ತಂದರು. ಉಟ್ಟು ಉಟ್ಟು, ಒಗೆದು ಒಗೆದು ಮೆತ್ತಗಾದ ಸೀರೆ. ಇಸ್ತ್ರಿ ತಾಗಿದ ಕಡೆಯೆಲ್ಲ ಹಿಗ್ಗಿದೆ. ಒಂದು ಸಾಲು 40 ಇಂಚು ಇದ್ದರೆ ಪಕ್ಕದ್ದು 41ರ ಹತ್ತಿರ. ಜೋಡಿಸಿದರೆ ನಡುವೆ ಗುಡ್ಡ, ಅಂಚಲ್ಲಿ ಅಲೆ. ಅವರು ಅದನ್ನ ಮಡಚಿ ಚೀಲಕ್ಕೆ ಹಾಕಿ, "ನನ್ನ ಕೈಗೆ ಇದು ಒಲಿಯಲ್ಲ ಬಿಡಿ" ಅಂದರು.

ನಾನು ಸ್ಕೇಲು ತಗೊಂಡು ಅವರ ಹೊಲಿಗೆ ಅಳೆದೆ. ಒಂದೊಂದೂ ನೇರ, ಒಂದೊಂದೂ ಕಾಲಿಂಚು. ಕೈ ಚೆನ್ನಾಗಿತ್ತು. ಕ್ರಮ ಕೈಕೊಟ್ಟಿತ್ತು. ವಿಡಿಯೋದಲ್ಲಿ ಓರೆ ಅನ್ನೋ ಮಾತು ಒಂದು ಸಲವೂ ಬಂದಿರಲಿಲ್ಲವಂತೆ. ಅಂಗಡಿಯ ಬಟ್ಟೆ ಆಗಿದ್ದರೆ ಇನ್ನೊಂದು ಮೀಟರ್ ತಂದುಕೊಳ್ಳಬಹುದಿತ್ತು. ಅಮ್ಮನ ಸೀರೆ ಎಲ್ಲಿಂದ ತರೋದು?

ಹೇಳಿಕೊಡುವವರ ಮೇಲೆ ನನ್ನ ದೂರು ಇದೇ. ವಿಧಾನದ ದೋಷವನ್ನ ನೀವು ಮುಚ್ಚಿಟ್ಟರೆ, ಅದು ಕಲಿಯುವವರ ಕೈಯ ದೋಷವಾಗಿ ಕಾಣುತ್ತೆ. ಅವರು ನಿಮ್ಮನ್ನ ಬೈಯಲ್ಲ, ತಮ್ಮನ್ನೇ ಬೈದುಕೊಂಡು ಮಷಿನ್ ಮುಚ್ಚಿಡ್ತಾರೆ.

ಆ ಕಡೆಯವರ ವಾದವನ್ನೂ ಕೇಳೋಣ. "ಗಟ್ಟಿಯಾಗಿ ಗಂಜಿ ಹಾಕಿದರೆ ಆಯ್ತು" ಅಂತಾರೆ. ನಿಜ, ಗಂಜಿ ಹಾಕಿದ ಬಟ್ಟೆ ಓರೆಯಲ್ಲೂ ಅಷ್ಟು ಬೇಗ ಹಿಗ್ಗಲ್ಲ. ಆದರೆ ಗಂಜಿ ಕಾಸಿ, ಅದ್ದಿ, ಒಣಗಿಸಿ, ಇಸ್ತ್ರಿ ಮಾಡೋ ಹೊತ್ತಿಗೆ ಆ ಎರಡು ಪೆನ್ಸಿಲ್ ಗೆರೆಯ ಉಳಿತಾಯ ಎಲ್ಲಿ ಹೋಯ್ತು? "ಮೊದಲ ಚೌಕವನ್ನೇ ಓರೆಯಾಗಿ ಕತ್ತರಿಸಿ, ಆಗ ಹೊರ ಅಂಚು ನೇರ ಬರುತ್ತೆ" ಅಂತಲೂ ಅಂತಾರೆ. ಅದೂ ನಿಜ. ಆದರೆ ಬಟ್ಟೆಯ ಅಂಚಿನುದ್ದಕ್ಕೂ ತುಂಡುಗಳು ದಂಡ. ಗೋಡೆಗೆ ತೂಗುಹಾಕೋ ಒಂದು ಸಣ್ಣ ತುಂಡಿಗೆ, ಪಳಗಿದ ಕೈಯವರು ಈ ವಿಧಾನ ಬಳಸಲಿ, ನನ್ನ ತಕರಾರಿಲ್ಲ. ಹೊಸಬರಿಗೆ, ಅದೂ ಹಳೇ ಸೀರೆಗೆ ಬೇಡ.

ಇನ್ನೊಂದು ವಾದ ನಮ್ಮವರದೇ. "ನಮ್ಮಜ್ಜಿ ಕೌದಿ ಹೊಲಿಯೋವಾಗ ಸ್ಕೇಲು ಇಟ್ಟಿದ್ದಳಾ? 1/16 ಇಂಚು ಅಂತ ತಲೆ ಕೆಡಿಸಿಕೊಂಡಿದ್ದಳಾ?" ಕೇಳೋಕೆ ಚೆನ್ನಾಗಿದೆ. ಆದರೆ ಕೌದಿಯ ಕಟ್ಟಡವೇ ಬೇರೆ. ಅಲ್ಲಿ ತುಂಡುಗಳನ್ನ ತಳದ ಬಟ್ಟೆಯ ಮೇಲಿಟ್ಟು, ಅಂಚು ಮಡಚಿ, ಪದರಗಳನ್ನೆಲ್ಲ ಸೇರಿಸಿ ಕೈಯಲ್ಲಿ ಓಡುಹೊಲಿಗೆ ಹಾಕ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕವಂದಿಯನ್ನ ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ಒಂದು ತುಂಡು ಸೊಟ್ಟ ಆದರೆ ಮುಂದಿನ ತುಂಡು ಅದರ ಮೇಲೆ ಹತ್ತಿ ಕೂರುತ್ತೆ. ಕೊನೆಗೆ ಮೂಲೆಗಳಿಗೆ 'ಫುಲಾ' ಅಂತ ಮಡಚಿದ ತ್ರಿಕೋನ ಕೂರಿಸ್ತಾರೆ. ಅದಕ್ಕೂ ತಳದ ಬಟ್ಟೆಯ ಆಸರೆ ಇದೆ. ಅಲ್ಲಿ ಅಳತೆ ಕಣ್ಣಲ್ಲಿ ಇದೆ, ತಪ್ಪನ್ನ ತಾಳಿಕೊಳ್ಳೋ ಗುಣ ಕ್ರಮದಲ್ಲೇ ಇದೆ.

ಜೋಡಿ ತ್ರಿಕೋನದಲ್ಲಿ ಆ ಗುಣ ಇಲ್ಲ. ತಳದ ಬಟ್ಟೆ ಇಲ್ಲ, ತುಂಡಿಗೆ ತುಂಡೇ ಆಧಾರ. ಒಂದೊಂದರಲ್ಲಿ 1/16 ಇಂಚು, ಹಳೇ ಲೆಕ್ಕದಲ್ಲಿ ಒಂದು ವೀಸ, ಹೆಚ್ಚಾದರೆ 16 ತುಂಡಿನ ಸಾಲಿಗೆ ಇಡೀ ಒಂದಿಂಚು. ಅಜ್ಜಿಯ ಹೆಸರು ಹೇಳಿ ಅಳತೆ ಬಿಟ್ಟವರು ಅಜ್ಜಿಯ ಜಾಣತನವನ್ನೂ ಬಿಟ್ಟ ಹಾಗೆ. ಅವಳು ತನ್ನ ಕೆಲಸಕ್ಕೆ ಒಪ್ಪುವ ಕ್ರಮ ಹಿಡಿದಿದ್ದಳು.

ಹಾಗಾದ್ರೆ ಸರಿಯಾದ ಕ್ರಮ ಯಾವುದು? ಬರೀ ಬೈದು ಹೋಗೋನಲ್ಲ ನಾನು, ಕೇಳಿ :-)

ಒಂದು, ದೊಡ್ಡದು ಮಾಡಿ ಆಮೇಲೆ ಕತ್ತರಿಸಿ. 7/8 ಇಂಚು ಸೇರಿಸೋ ಸೂತ್ರದ ನಿಜವಾದ ಲೆಕ್ಕ 0.854, ಅದನ್ನ 0.875ಕ್ಕೆ ಏರಿಸಿದ್ದಾರೆ. ನಿಮ್ಮ ತಪ್ಪಿಗೆ ಅದರಲ್ಲಿ ಉಳಿಯೋ ಜಾಗ ಅರ್ಧ ಮಿಲಿಮೀಟರ್! ಅದನ್ನೂ ಹೊಲಿಗೆಯ ಮಡಿಕೆ ನುಂಗುತ್ತೆ. ಅದಕ್ಕೇ 4 ಇಂಚಿನ ತುಂಡಿಗೆ ಪೂರ್ತಿ 5 ಇಂಚಿನ ಚೌಕ ತಗೊಳ್ಳಿ. ನೂರಕ್ಕೆ ಐದರಷ್ಟು ಬಟ್ಟೆ ಹೆಚ್ಚು ಹೋಗುತ್ತೆ, ಹೋಗಲಿ. ಹೊಲಿದು, ಬಿಡಿಸಿ, ಇಸ್ತ್ರಿ ಮಾಡಿ, ಸ್ಕೇಲಿನ 45 ಡಿಗ್ರಿ ಗೆರೆಯನ್ನ ಹೊಲಿಗೆಯ ಮೇಲೆ ಕೂರಿಸಿ, ಸರಿಯಾಗಿ ನಾಲ್ಕೂವರೆ ಇಂಚಿಗೆ ಕತ್ತರಿಸಿ. ಆ ಗೆರೆ ಇರೋ ಸ್ಕೇಲು ಇಲ್ಲವಾ? ನಾಲ್ಕೂವರೆ ಇಂಚಿನ ರಟ್ಟಿನ ಚೌಕಕ್ಕೆ ಕರ್ಣ ಎಳೆದು, ಅದರ ಎರಡು ಮೂಲೆ ಹೊಲಿಗೆಯ ಮೇಲೆ ಬರೋ ಹಾಗಿಟ್ಟು ಗುರುತು ಹಾಕಿ ಕತ್ತರಿಸಿ.

ಎರಡು, ಮಷಿನ್ನಿನ ಕಾಲಿಂಚನ್ನ ನಂಬಬೇಡಿ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಸೇರಿಸಿ ಹೊಲಿದು ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ ಒಂದಿಂಚು ಇದ್ದರೆ ಸರಿ. ಕಮ್ಮಿ ಇದ್ದರೆ ಹೊಲಿಗೆಯನ್ನ ಅಂಚಿನ ಕಡೆ ಒಂದು ದಾರದಷ್ಟು ಸರಿಸಿ, ಮಷಿನ್ ಮೇಲೆ ಅಲ್ಲಿಗೆ ಒಂದು ರಟ್ಟು ಅಂಟಿಸಿಬಿಡಿ.

ಮೂರು, ಇಸ್ತ್ರಿ ಒತ್ತಿ, ಎಳೀಬೇಡಿ. ಎತ್ತಿ ಇಡಿ, ಎತ್ತಿ ಇಡಿ. ಅಂಗಿಗೆ ಉಜ್ಜೋ ಹಾಗೆ ಉಜ್ಜಿದರೆ ನೇರ ಅಂಚೂ ಸೊಟ್ಟ ಆಗುತ್ತೆ.

ನಾಲ್ಕು, ನಿಜವಾಗಲೂ ಅವಸರ ಇದ್ದರೆ ಎಂಟರ ವಿಧಾನ ಇದೆ. 10 ಇಂಚಿನ ಎರಡು ಚೌಕ, ಎರಡೂ ಕರ್ಣಕ್ಕೆ ಗೆರೆ, ಪ್ರತಿ ಗೆರೆಯ ಎರಡೂ ಕಡೆ ಹೊಲಿಗೆ. ಮೊದಲು ಅಡ್ಡ ಉದ್ದ ನಡುವೆ ಕತ್ತರಿಸಿ, ಆಮೇಲೆ ಗೆರೆಗಳ ಮೇಲೆ. ಎಂಟು ಜೋಡಿ ತ್ರಿಕೋನ, ಎಲ್ಲದರ ಹೊರ ಅಂಚೂ ನೇರ ದಾರದ್ದೇ. ಮ್ಯಾಜಿಕ್ ಅಂತ ಕರೆಯೋದಿದ್ದರೆ ಇದನ್ನ ಕರೀರಿ.

ಒಪ್ಪದವರು ಜಗಳಕ್ಕೆ ಬನ್ನಿ, ಸ್ವಾಗತ. ಆದರೆ ಬರೋ ಮುಂಚೆ ಒಂದು ಕೆಲಸ ಮಾಡಿ. ಹಳೇ ನೂಲಿನ ಸೀರೆಯ ತುಂಡಲ್ಲಿ ಎರಡೂ ವಿಧಾನದಿಂದ ಒಂದೊಂದು ಜೋಡಿ ತ್ರಿಕೋನ ಮಾಡಿ, ಎದುರು ಅಂಚು ಹಿಡಿದು ಮೆಲ್ಲಗೆ ಎಳೀರಿ, ಆಮೇಲೆ ಮೇಜಿನ ಮೇಲಿಟ್ಟು ಅಳೀರಿ. ಎರಡರ ಅಳತೆಯನ್ನೂ ಬರೆದು ತಿಳಿಸಿ. ಮಾತು ಅಲ್ಲಿಂದ ಮುಂದೆ.